ರಾಗಿ ಬೀಜದ ಪೊಟ್ಟಣದಲ್ಲಿ ಬ್ರೆಜಿಲ್‌ನ ಹೆಸರು

ಮುಂಗಾರು ಬಿತ್ತನೆಯ ಹೊತ್ತಿಗೆ ನಮ್ಮ ರಾಗಿ ಸೀಮೆಯ ಕೆಲವು ಮನೆಗಳ ಜಗಲಿಯಲ್ಲಿ ಈ ದೃಶ್ಯ ಕಾಣಸಿಗುತ್ತದೆ. ಗೋಣಿತಾಟಿನ ಮೇಲೆ ಬಿತ್ತನೆ ರಾಗಿ ಹರಡಿರುತ್ತಾರೆ. ಆರಿಸಿದ ಬೆಲ್ಲದ ನೀರನ್ನು ಅದರ ಮೇಲೆ ಚಿಮುಕಿಸಿ, ಪೊಟ್ಟಣ ಒಡೆದು ಕಪ್ಪು ಪುಡಿಯನ್ನು ಸುರಿದು, ಕೈಯಾಡಿಸಿ, ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಇಡಬಾರದು, ರಾಸಾಯನಿಕ ಗೊಬ್ಬರದ ಜೊತೆ ಬೆರೆಸಬಾರದು ಎಂದು ಕೃಷಿ ಇಲಾಖೆಯವರು ಹೇಳಿ ಕಳಿಸಿರುತ್ತಾರೆ, ಏಕೆಂದರೆ ಪುಡಿಯಲ್ಲಿರುವುದು ಜೀವ. ಪೊಟ್ಟಣದ ಮೇಲೆ ಅದರ ಹೆಸರಿರುತ್ತದೆ: ಅಜೋಸ್ಪಿರಿಲಂ. ಕೆಲವದರ ಮೇಲೆ ಪೂರ್ತಿ ಹೆಸರೇ ಇರುತ್ತದೆ: ಅಜೋಸ್ಪಿರಿಲಂ ಬ್ರಾಸಿಲೆನ್ಸ್. ಬ್ರಾಸಿಲೆನ್ಸ್ ಎಂದರೆ ಬ್ರೆಜಿಲ್‌ನದು.

ನಮ್ಮ ರಾಗಿಯ ಬೇರಿಗೂ ಬ್ರೆಜಿಲ್‌ಗೂ ಏನು ಸಂಬಂಧ? ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಒಂದು ಆಸೆಯ ಕತೆಯಿದೆ. ಅವರೆ, ತೊಗರಿ, ಕಡಲೆ ಗಾಳಿಯಿಂದ ಗೊಬ್ಬರ ಮಾಡಿಕೊಳ್ಳುವ ಹಾಗೆ ರಾಗಿ, ಜೋಳ, ಗೋಧಿ, ಭತ್ತವೂ ಮಾಡಿಕೊಳ್ಳಲಿ ಎಂಬ ಆಸೆ ಅದು. ಅದು ಪೂರ್ತಿ ಕೈಗೂಡಲಿಲ್ಲ. ಹಾಗೆಂದು ಸುಳ್ಳೂ ಆಗಲಿಲ್ಲ. ಆ ನಡುವಿನ ಜಾಗಕ್ಕೆ ಅದು ಹೇಗೆ ಬಂದು ನಿಂತಿತು ಎಂಬುದೇ ಇಲ್ಲಿಯ ವಿಷಯ.

ಆಸೆ ಹುಟ್ಟಲು ಕಾರಣ ಸರಳ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಭಾಗ ಸಾರಜನಕ. ಗಿಡ ಬೆಳೆಯಲು ಬೇಕಾದದ್ದೂ ಸಾರಜನಕವೇ. ಆದರೆ ಗಾಳಿಯ ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ತಬ್ಬಿಕೊಂಡಿವೆ. ಆ ಅಪ್ಪುಗೆಯನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಹೀಗಾಗಿ ಸಾರಜನಕದ ಕಡಲಲ್ಲಿ ಮುಳುಗಿದ್ದೇ ಪೈರು ಹಸಿವಿನಿಂದ ಹಳದಿಯಾಗುತ್ತದೆ.

ದ್ವಿದಳ ಧಾನ್ಯ ಬೆಳೆದ ಮೇಲೆ ಹೊಲ ಹದವಾಗುತ್ತದೆ ಎಂಬುದು ರೈತರಿಗೆ ಬಹಳ ಹಿಂದೆಯೇ ಗೊತ್ತಿತ್ತು. ನಮ್ಮ ಕಡೆ ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುವ ಪದ್ಧತಿಯಲ್ಲೂ ಈ ತಿಳಿವಳಿಕೆಯಿದೆ. ಲೆಕ್ಕ ಹಾಕಿ ತೋರಿಸಲು ಹೊರಟವರಲ್ಲಿ ಮೊದಲಿಗ ಫ್ರಾನ್ಸಿನ ಬುಸಿಂಗೊ. 1838ರಲ್ಲಿ ಆತ ಕ್ಲೋವರ್ ಮೇವಿನ ಗಿಡ ಮತ್ತು ಬಟಾಣಿಯನ್ನು ಒಂದು ಕಡೆ, ಗೋಧಿ ಮತ್ತು ಓಟ್ಸನ್ನು ಇನ್ನೊಂದು ಕಡೆ ಬೆಳೆಸಿ ಸಾರಜನಕವನ್ನು ಅಳೆದ. ಮೊದಲಿನವು ಎಲ್ಲಿಂದಲೋ ಸಾರಜನಕ ಗಳಿಸಿದ್ದವು. ಗೋಧಿ, ಓಟ್ಸ್ ಗಳಿಸಿರಲಿಲ್ಲ. ಏಕೆ ಎಂದು ಹೇಳಲು ಆತನಿಗೆ ಆಗಲಿಲ್ಲ.

ಉತ್ತರ ಬರಲು ಸುಮಾರು ಅರ್ಧ ಶತಮಾನ ಬೇಕಾಯಿತು. ಜರ್ಮನಿಯ ಬೆರ್ನ್‌ಬುರ್ಗ್‌ನಲ್ಲಿ ಹರ್ಮನ್ ಹೆಲ್‌ರೀಗೆಲ್ ಮತ್ತು ಆತನ ಜೊತೆಗಾರ ವಿಲ್ಫಾರ್ಥ್ ಕುಂಡಗಳಲ್ಲಿ ಬರಿ ಮರಳು ತುಂಬಿ ಓಟ್ಸ್, ಬಾರ್ಲಿ, ಬಟಾಣಿ ಬೆಳೆಸುತ್ತಿದ್ದರು. ಓಟ್ಸ್ ಮತ್ತು ಬಾರ್ಲಿ ಶಿಸ್ತಿನ ಮಕ್ಕಳ ಹಾಗೆ ನಡೆದುಕೊಂಡವು. ಎಷ್ಟು ನೈಟ್ರೇಟ್ ಹಾಕಿದರೆ ಅಷ್ಟೇ ಬೆಳೆ, ಹಾಕದಿದ್ದರೆ ಇಲ್ಲ. ಬಟಾಣಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಒಂದು ಕುಂಡದಲ್ಲಿ ಸೊರಗಿತು, ಪಕ್ಕದ ಕುಂಡದಲ್ಲಿ ಏನೂ ಕೊಡದೆ ಹಸಿರಾಗಿ ನಿಂತಿತು. ಆಗ ಅವರು ಹೊಲದ ಮಣ್ಣನ್ನು ನೀರಲ್ಲಿ ಕದಡಿ, ಆ ತಿಳಿಯನ್ನು ಸ್ವಲ್ಪ ಸ್ವಲ್ಪ ಕುಂಡಗಳಿಗೆ ಹಾಕಿ ನೋಡಿದರು. ಸೊರಗಿದ ಬಟಾಣಿ ಚಿಗುರಿತು, ಬೇರಿನಲ್ಲಿ ಗಂಟುಗಳು ಮೂಡಿದವು. ಅದೇ ತಿಳಿಯನ್ನು ಕುದಿಸಿ ಹಾಕಿದರೆ ಏನೂ ಆಗಲಿಲ್ಲ. ಅಂದರೆ ಅದರಲ್ಲಿ ಏನೋ ಜೀವವಿತ್ತು. 1886ರಲ್ಲಿ ಬರ್ಲಿನ್‌ನ ವಿಜ್ಞಾನಿಗಳ ಸಭೆಯಲ್ಲಿ ಹೆಲ್‌ರೀಗೆಲ್ ಇದನ್ನು ಹೇಳಿದ. 1888ರಲ್ಲಿ ಪೂರ್ಣ ವರದಿ ಬಂತು. ಅದೇ ವರ್ಷ ಹಾಲೆಂಡಿನ ಬೈಯರಿಂಕ್ ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ.

ಎಲ್ಲರೂ ಬಟಾಣಿಯ ಕುಂಡವನ್ನೇ ನೆನಪಿಟ್ಟುಕೊಂಡರು. ನಮ್ಮ ಕತೆಗೆ ಬೇಕಾದದ್ದು ಓಟ್ಸಿನ ಕುಂಡ. ಅದಕ್ಕೂ ಅದೇ ಮಣ್ಣಿನ ತಿಳಿ ಬಿದ್ದಿತ್ತು, ಅದು ಅಲುಗಲಿಲ್ಲ. ಪ್ರಕೃತಿ ಬಟಾಣಿಗೆ ಕೊಟ್ಟ ಕೆಲಸಗಾರನನ್ನು ಓಟ್ಸಿಗೆ ಕೊಟ್ಟಿರಲಿಲ್ಲ. ಮುಂದಿನ ನೂರು ವರ್ಷ ಒಂದಲ್ಲ ಒಂದು ದೇಶದಲ್ಲಿ ಯಾರೋ ಒಬ್ಬರು ಈ ಕುಂಡದ ತೀರ್ಪನ್ನು ಬದಲಿಸಲು ನೋಡಿದ್ದಾರೆ.

ಮೊದಲು ಹೊರಟದ್ದು ಮಾರುಕಟ್ಟೆ. 1896ರಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ ಎಂಬ ಜರ್ಮನ್ ವಿಜ್ಞಾನಿಗಳು ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಬಾಟಲಿಗೆ ತುಂಬಿ ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ಹೊರತಂದರು. ಅದು ದ್ವಿದಳಗಳಿಗೆ. ಮರುವರ್ಷವೇ ಏಕದಳ ಧಾನ್ಯಗಳಿಗೂ ಒಂದು ಬಂತು. ಎಲ್ಲೆನ್‌ಬಾಖ್ ಎಂಬಲ್ಲಿಯ ಜಮೀನುದಾರ ಕ್ಯಾರೊನ್ ತನ್ನ ಹೊಲದ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದನ್ನು ಹಾಕಿದ ಧಾನ್ಯದ ಪೈರು ಚೆನ್ನಾಗಿ ಬಂತು ಎಂದು ವರದಿ ಮಾಡಿದ. ಬೇಯರ್ ಕಂಪನಿ ಅದನ್ನು ‘ಅಲಿನಿಟ್’ ಎಂದು ಮಾರಿತು. ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿದಾಗ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಅಲಿನಿಟ್ ಮರೆಯಾಯಿತು. ಇಂದು ಕೃಷಿ ಅಂಗಡಿಯ ಕಪಾಟಿನಲ್ಲಿ ಕಾಣುವ ಧಾನ್ಯದ ಜೀವಾಣು ಗೊಬ್ಬರಗಳ ಮುತ್ತಜ್ಜ ಅದು.

ಅದೇ ಕಾಲದಲ್ಲಿ ಇನ್ನೊಂದು ಆತಂಕ ಬೆಳೆಯುತ್ತಿತ್ತು. 1898ರಲ್ಲಿ ಬ್ರಿಸ್ಟಲ್‌ನಲ್ಲಿ ವಿಲಿಯಂ ಕ್ರೂಕ್ಸ್ ಮಾಡಿದ ಭಾಷಣ ಪ್ರಸಿದ್ಧ. ಗೋಧಿ ತಿನ್ನುವ ಜನ ಹೆಚ್ಚುತ್ತಿದ್ದಾರೆ, ಚಿಲಿ ದೇಶದ ನೈಟ್ರೇಟ್ ಗಣಿ ಬರಿದಾಗಲಿದೆ, ಗಾಳಿಯ ಸಾರಜನಕವನ್ನು ಹಿಡಿಯುವುದೊಂದೇ ದಾರಿ, ಅದನ್ನು ರಸಾಯನಶಾಸ್ತ್ರಜ್ಞರು ಮಾಡಬೇಕು ಎಂದು ಆತ ಎಚ್ಚರಿಸಿದ. 1909ರಲ್ಲಿ ಫ್ರಿಟ್ಜ್ ಹೇಬರ್ ಅದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ. 1913ರಲ್ಲಿ ಓಪ್ಪೌನಲ್ಲಿ ಕಾರ್ಖಾನೆ ಹೊಗೆಯಾಡಿತು. ಇಂದಿನ ಯೂರಿಯಾ ಚೀಲದ ಮೂಲ ಅಲ್ಲಿದೆ. ಹೀಗೆ ಸಾರಜನಕಕ್ಕೆ ಎರಡು ದಾರಿಗಳಾದವು. ಕಾರ್ಖಾನೆಯ ದಾರಿಗೆ ನೂರಾರು ಡಿಗ್ರಿ ಶಾಖ, ಭಾರಿ ಒತ್ತಡ ಮತ್ತು ಬಂಡವಾಳ ಬೇಕು. ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಣ್ಣಿನ ತಂಪಿನಲ್ಲೇ ಮಾಡುತ್ತದೆ, ಆದರೆ ನಾವು ಹೇಳಿದ ಕಡೆ, ಹೇಳಿದಷ್ಟು ಮಾಡುವುದಿಲ್ಲ.

1901ರಲ್ಲಿ ಬೈಯರಿಂಕ್ ಮತ್ತೆ ಬಂದ. ಗಿಡದ ಹಂಗಿಲ್ಲದೆ ಮಣ್ಣಿನಲ್ಲಿ ತಾನೇ ಬದುಕಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನು ಡೆಲ್ಫ್ಟ್‌ನಲ್ಲಿ ಕಂಡು ಅಜೋಟೋಬ್ಯಾಕ್ಟರ್ ಎಂದು ಹೆಸರಿಟ್ಟ. ಗಂಟು ಕಟ್ಟಬೇಕಿಲ್ಲ ಎಂದ ಮೇಲೆ ಧಾನ್ಯಕ್ಕೂ ಇದನ್ನು ಹಾಕಬಹುದಲ್ಲ! ಈ ಯೋಚನೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಸೋವಿಯತ್ ಒಕ್ಕೂಟ. ‘ಅಜೋಟೋಬ್ಯಾಕ್ಟರಿನ್’ ಎಂಬ ಗೊಬ್ಬರವನ್ನು ಅಲ್ಲಿನ ಸಾಮೂಹಿಕ ಹೊಲಗಳ ಲಕ್ಷಾಂತರ ಹೆಕ್ಟೇರುಗಳಿಗೆ ದಶಕಗಳ ಕಾಲ ಹಾಕಿದರು. ಕೊನೆಗೆ ಲೆಕ್ಕಕ್ಕೆ ಕೂತವನು ಅಲ್ಲಿನವನೇ ಆದ ಸೂಕ್ಷ್ಮಜೀವಿ ವಿಜ್ಞಾನಿ ಮಿಶುಸ್ತಿನ್. ಪ್ರಯೋಗಗಳನ್ನು ಒಟ್ಟುಗೂಡಿಸಿ ಆತ ಕೊಟ್ಟ ತೀರ್ಮಾನ ಹೀಗಿತ್ತು: ಧಾನ್ಯಗಳಲ್ಲಿ ಲಾಭ ಸಣ್ಣದು, ಎಲ್ಲ ಕಡೆ ಬರುವುದೂ ಇಲ್ಲ, ಬಂದ ಕಡೆ ಅದು ಸಾರಜನಕದಿಂದ ಬಂದದ್ದಕ್ಕಿಂತ ಬ್ಯಾಕ್ಟೀರಿಯಾ ಸ್ರವಿಸುವ ಬೆಳವಣಿಗೆಯ ವಸ್ತುಗಳಿಂದ ಬಂದಿರುವ ಸಾಧ್ಯತೆ ಹೆಚ್ಚು. ಈ ಮಾತನ್ನು ನೆನಪಿಡಿ. ಇದೇ ಮಾತು ಮುಂದೆ ಇನ್ನೊಂದು ಖಂಡದಲ್ಲಿ ಮತ್ತೆ ಕೇಳಿಸಲಿದೆ.

ಈಗ ಬ್ರೆಜಿಲ್‌ಗೆ ಬರೋಣ. ಅಲ್ಲಿಯ ಕತೆಯ ನಾಯಕಿ ಬ್ರೆಜಿಲ್‌ನಲ್ಲಿ ಹುಟ್ಟಿದವಳಲ್ಲ. ಯೊಹಾನಾ ಡ್ಯೊಬೆರೈನರ್ 1924ರಲ್ಲಿ ಚೆಕೊಸ್ಲೊವಾಕಿಯಾದ ಔಸಿಗ್‌ನಲ್ಲಿ, ಜರ್ಮನ್ ಮಾತಾಡುವ ಮನೆಯಲ್ಲಿ ಹುಟ್ಟಿದರು. ತಂದೆ ಪಾಲ್ ಕುಬೆಲ್ಕಾ ರಸಾಯನಶಾಸ್ತ್ರಜ್ಞ. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನ್ ಭಾಷಿಕರನ್ನು ಅಲ್ಲಿಂದ ಹೊರಹಾಕಲಾಯಿತು. ಇಪ್ಪತ್ತರ ಹುಡುಗಿ ಜರ್ಮನಿಯ ಹೊಲಮನೆಗಳಲ್ಲಿ ಹಸು ಕರೆದು, ಗೊಬ್ಬರ ಎರಚಿ ಬದುಕಿದರು. ಆಮೇಲೆ ಮ್ಯೂನಿಕ್‌ನಲ್ಲಿ ಕೃಷಿ ಓದಿ, ಪಶುವೈದ್ಯ ಓದುತ್ತಿದ್ದ ಯುರ್ಗೆನ್ ಅವರನ್ನು ಮದುವೆಯಾಗಿ, ಬ್ರೆಜಿಲ್‌ಗೆ ವಲಸೆ ಹೋದರು. ರಿಯೊ ನಗರದ ಹೊರಗೆ, ಹಳೆಯ ಹೆದ್ದಾರಿಯ 47ನೇ ಕಿಲೋಮೀಟರ್‌ನಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕೆಲಸಕ್ಕೆ ಸೇರಿದರು. ‘ಕಿಲೋಮೀಟರ್ 47’ ಎಂದೇ ಕರೆಯುತ್ತಿದ್ದ ಆ ಜಾಗದಲ್ಲಿ ಅವರ ಜೀವಮಾನ ಕಳೆಯಿತು. 1956ರಲ್ಲಿ ಅವರು ಬ್ರೆಜಿಲ್‌ನ ಪ್ರಜೆಯಾದರು.

ಅವರ ದೊಡ್ಡ ಗೆಲುವು ದ್ವಿದಳದಲ್ಲೇ ಬಂತು. 1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಬೆಳೆಯ ಕಡೆ ತಿರುಗಿದಾಗ, ತಳಿಗಳನ್ನು ಸಾರಜನಕ ಗೊಬ್ಬರ ಹಾಕದೆಯೇ, ಬೇರುಗಂಟಿನ ಬ್ಯಾಕ್ಟೀರಿಯಾದ ಬಲದಲ್ಲೇ ಆರಿಸಬೇಕು ಎಂದು ವಾದಿಸಿದವರಲ್ಲಿ ಅವರು ಪ್ರಮುಖರು. ಗೊಬ್ಬರ ಉಂಡು ಬೆಳೆದ ಸೋಯಾ ಬ್ಯಾಕ್ಟೀರಿಯಾದ ಗೆಳೆತನ ಮರೆಯುತ್ತದೆ ಎಂಬುದು ಆ ವಾದದ ತಿರುಳು. ಇಂದು ಜಗತ್ತಿನಲ್ಲೇ ಹೆಚ್ಚು ಸೋಯಾ ಬೆಳೆಯುವ ಬ್ರೆಜಿಲ್ ಆ ಬೆಳೆಗೆ ಬಹುತೇಕ ಸಾರಜನಕ ಗೊಬ್ಬರ ಹಾಕುವುದಿಲ್ಲ.

ಅವರ ಮನಸ್ಸು ಮಾತ್ರ ಹುಲ್ಲಿನ ಕಡೆ ಇತ್ತು. ಯಾರೂ ಗೊಬ್ಬರ ಹಾಕದ ಹುಲ್ಲುಗಾವಲು ವರ್ಷವರ್ಷವೂ ಹಸಿರಾಗಿರುವುದು ಹೇಗೆ? ಭತ್ತ, ಜೋಳ, ಕಬ್ಬು ಎಲ್ಲವೂ ಹುಲ್ಲಿನ ಜಾತಿಯವೇ. ಹುಲ್ಲಿನ ಬೇರಿನಲ್ಲಿ ಉತ್ತರ ಸಿಕ್ಕರೆ ಧಾನ್ಯಕ್ಕೂ ಸಿಕ್ಕ ಹಾಗೆ. 1966ರಲ್ಲಿ ಅವರು ಪಾಸ್ಪಾಲಂ ಎಂಬ ಹುಲ್ಲಿನ ಬೇರಿನ ಸುತ್ತ ಒಂದು ಹೊಸ ಅಜೋಟೋಬ್ಯಾಕ್ಟರ್ ಅನ್ನು ಗುರುತಿಸಿದರು. ನಮ್ಮ ಹಾರಕ ಸಿರಿಧಾನ್ಯ ಇದೇ ಪಾಸ್ಪಾಲಂ ಕುಲದ್ದು. 1970ರ ದಶಕದಲ್ಲಿ ಇನ್ನೊಂದು ಹುಲ್ಲಿನ ಬೇರಿನಲ್ಲಿ ಬೈಯರಿಂಕ್ 1925ರಲ್ಲಿ ವರ್ಣಿಸಿ ಹೆಚ್ಚುಕಡಿಮೆ ಎಲ್ಲರೂ ಮರೆತಿದ್ದ, ಸುರುಳಿಯಾಕಾರದ ಬ್ಯಾಕ್ಟೀರಿಯಾ ಅವರ ಕಣ್ಣಿಗೆ ಬಿತ್ತು.

ಅದು ಕಣ್ಣಿಗೆ ಬಿದ್ದ ಬಗೆ ಹೇಳಲೇಬೇಕು. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಈ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಗಟ್ಟಿ ಅಗರ್ ತಟ್ಟೆಯಲ್ಲಿ ಗಾಳಿ ಹೆಚ್ಚು, ಮುಚ್ಚಿದ ಬಾಟಲಿಯಲ್ಲಿ ಗಾಳಿಯಿಲ್ಲ. ಹಾಗಾಗಿ ಹಿಂದಿನವರ ಕೈಗೆ ಅದು ಸುಲಭಕ್ಕೆ ಸಿಕ್ಕಿರಲಿಲ್ಲ. ಡ್ಯೊಬೆರೈನರ್ ಬಳಸಿದ್ದು ತೆಳು ಗಂಜಿಯಂಥ, ಅರೆಗಟ್ಟಿಯಾದ, ಸಾರಜನಕವಿಲ್ಲದ ಆಹಾರವನ್ನು. ಪುಟ್ಟ ಸೀಸೆಯಲ್ಲಿ ಬೇರಿನ ತುಣುಕು ಹಾಕಿಟ್ಟರೆ ಬ್ಯಾಕ್ಟೀರಿಯಾಗಳು ತಾವೇ ಈಜಿ, ತಮಗೆ ಬೇಕಾದಷ್ಟೇ ಗಾಳಿ ಸಿಗುವ ಆಳವನ್ನು ಹುಡುಕಿಕೊಂಡು ಸೇರುತ್ತಿದ್ದವು. ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ, ಹಾಲಿನ ಕೆನೆಗಿಂತ ತೆಳುವಾದ ಒಂದು ಬಿಳಿ ಪರದೆ ಕಟ್ಟುತ್ತಿತ್ತು. ದುಬಾರಿ ಯಂತ್ರ ಬೇಡದ ಈ ವಿಧಾನವನ್ನು ಜಗತ್ತಿನ ಯಾವ ಬಡ ಪ್ರಯೋಗಾಲಯವೂ ಅನುಸರಿಸಬಹುದಿತ್ತು. ಅನುಸರಿಸಿದವು ಕೂಡ. 1978ರಲ್ಲಿ ಅಮೆರಿಕದ ಟ್ಯಾರಂಡ್ ಮತ್ತು ಕ್ರೀಗ್ ಜೊತೆ ಸೇರಿ ಅವರು ಈ ಜೀವಿಗೆ ಅಜೋಸ್ಪಿರಿಲಂ ಎಂದು ಹೊಸ ಹೆಸರು ಕೊಟ್ಟರು. ಅದರ ಒಂದು ಪ್ರಭೇದಕ್ಕೆ ತಮ್ಮನ್ನು ಬರಮಾಡಿಕೊಂಡ ದೇಶದ ಹೆಸರು ಬಂತು. ನಮ್ಮ ಪೊಟ್ಟಣದ ಮೇಲಿರುವ ಬ್ರಾಸಿಲೆನ್ಸ್ ಅದೇ.

ಆದರೆ ಹೆಸರಿಡುವ ಮೊದಲೇ ಜಗಳ ಹತ್ತಿಕೊಂಡಿತ್ತು. 1975ರಲ್ಲಿ ಫಾನ್ ಬ್ಯೂಲೊ ಮತ್ತು ಡ್ಯೊಬೆರೈನರ್ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮೆಕ್ಕೆಜೋಳದ ಬೇರುಗಳ ಬಗ್ಗೆ ಬರೆದರು. ಕೆಲವು ತಳಿಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಚಟುವಟಿಕೆ ದ್ವಿದಳಗಳ ಜೊತೆ ಹೋಲಿಸಬಹುದಾದಷ್ಟು ಜೋರಾಗಿ ಕಂಡಿತ್ತು. ಆ ಹೊತ್ತು ಎಂಥದ್ದೆಂದು ನೆನಪಿಸಿಕೊಳ್ಳಬೇಕು. 1973ರ ತೈಲ ಬಿಕ್ಕಟ್ಟಿನಿಂದ ಗೊಬ್ಬರದ ಬೆಲೆ ಮುಗಿಲಿಗೇರಿತ್ತು. ಹಸಿರು ಕ್ರಾಂತಿಯ ತಳಿಗಳು ಯೂರಿಯಾ ಕೇಳುತ್ತಿದ್ದವು. ಬಡ ದೇಶಗಳಿಗೆ ಅದನ್ನು ಕೊಳ್ಳಲು ಡಾಲರ್ ಇರಲಿಲ್ಲ. ಇಂಥ ಹೊತ್ತಿನಲ್ಲಿ ಜೋಳ ತನ್ನ ಗೊಬ್ಬರ ತಾನೇ ಮಾಡಿಕೊಳ್ಳಬಹುದು ಎಂಬ ಸುದ್ದಿ. ಪತ್ರಿಕೆಗಳು ಅದನ್ನು ಹೊತ್ತು ಕುಣಿದುದರಲ್ಲಿ ಆಶ್ಚರ್ಯವಿಲ್ಲ.

ತೊಡಕು ಇದ್ದದ್ದು ಅಳತೆಯಲ್ಲಿ. ಆಗಿನ ವಿಧಾನದಲ್ಲಿ ಬೇರನ್ನು ಕತ್ತರಿಸಿ, ತೊಳೆದು, ಕಡಿಮೆ ಆಮ್ಲಜನಕದ ಸೀಸೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಅಸಿಟಿಲೀನ್ ಅನಿಲ ತುಂಬಿ ಕಿಣ್ವದ ಚುರುಕನ್ನು ನೋಡುತ್ತಿದ್ದರು. ಆ ಒಂದು ರಾತ್ರಿಯಲ್ಲಿ ಏನಾಗುತ್ತಿತ್ತು? ಕತ್ತರಿಸಿದ ಬೇರಿನಿಂದ ಒಸರುವ ಸಕ್ಕರೆ ಉಂಡು ಬ್ಯಾಕ್ಟೀರಿಯಾಗಳು ಹಲವು ಪಟ್ಟು ಹೆಚ್ಚುತ್ತಿದ್ದವು. ಬೆಳಗ್ಗೆ ಅಳೆದದ್ದು ಹೊಲದ ಸತ್ಯವಲ್ಲ, ಸೀಸೆಯ ಹಬ್ಬ. ಅಮೆರಿಕದ ವಿಜ್ಞಾನಿಗಳು ರಾತ್ರಿ ಕಾಯದೆ ತಕ್ಷಣ ಅಳೆದಾಗ ಆ ದೊಡ್ಡ ಸಂಖ್ಯೆಗಳು ಕರಗಿದವು. 1980ರ ಹೊತ್ತಿಗೆ ವಿಮರ್ಶಾ ಲೇಖನಗಳು ಇದನ್ನು ಸ್ಪಷ್ಟವಾಗಿಯೇ ಬರೆದವು. ಜೋಳದ ಹಸಿವಿನ ಎದುರು ಅಜೋಸ್ಪಿರಿಲಂ ಕೊಡುವ ಸಾರಜನಕ ತೀರ ಸಣ್ಣದು.

ಕತೆ ಇಲ್ಲಿಗೆ ಮುಗಿದು ಅಜೋಸ್ಪಿರಿಲಂ ಕೂಡ ಅಲಿನಿಟ್ ಹೋದ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಏಕೆಂದರೆ ಹೊಲದಲ್ಲಿ ಒಂದು ವಿಚಿತ್ರ ನಡೆಯುತ್ತಲೇ ಇತ್ತು. ಸಾರಜನಕದ ಲೆಕ್ಕ ತಾಳೆಯಾಗದಿದ್ದರೂ ಬ್ಯಾಕ್ಟೀರಿಯಾ ಹಾಕಿದ ಪೈರು ಹಲವು ಕಡೆ ಚೆನ್ನಾಗಿ ಬರುತ್ತಿತ್ತು. 1979ರಲ್ಲಿ ಫ್ಲಾರಿಡಾದ ಟಿಯೆನ್, ಗ್ಯಾಸ್ಕಿನ್ಸ್, ಹಬ್ಬೆಲ್ ಎಂಬ ಮೂವರು ಸಜ್ಜೆಯ ಸಸಿಗಳ ಮೇಲೆ ನಡೆಸಿದ ಪ್ರಯೋಗ ಕಾರಣ ತೋರಿಸಿತು. ಅಜೋಸ್ಪಿರಿಲಂ ಗಿಡದ ಹಾರ್ಮೋನುಗಳನ್ನು, ಮುಖ್ಯವಾಗಿ ಆಕ್ಸಿನ್ ಅನ್ನು ತಯಾರಿಸುತ್ತದೆ. ಅದರಿಂದ ಪಕ್ಕಬೇರುಗಳು ಹೆಚ್ಚುತ್ತವೆ, ಬೇರಿನ ರೋಮಗಳು ದಟ್ಟವಾಗುತ್ತವೆ. ಇಸ್ರೇಲಿನ ಯಾಕೊವ್ ಒಕೊನ್ ಮತ್ತಿತರರು ಮುಂದೆ ಇದನ್ನು ವಿವರವಾಗಿ ತೋರಿಸಿದರು. ಹೆಚ್ಚು ಬೇರೆಂದರೆ ಮಣ್ಣಿನಲ್ಲಿರುವ ನೀರು, ರಂಜಕ, ಸಾರಜನಕವನ್ನು ಹೆಚ್ಚು ಬಾಚಿಕೊಳ್ಳುವ ಶಕ್ತಿ. ಬ್ಯಾಕ್ಟೀರಿಯಾ ಊಟ ಬಡಿಸುತ್ತಿರಲಿಲ್ಲ, ಉಣ್ಣುವ ಕೈಗಳನ್ನು ಹೆಚ್ಚಿಸುತ್ತಿತ್ತು. ಮಿಶುಸ್ತಿನ್ ರಷ್ಯಾದಲ್ಲಿ ಅಜೋಟೋಬ್ಯಾಕ್ಟರ್ ಬಗ್ಗೆ ಹೇಳಿದ ಮಾತು ಅಜೋಸ್ಪಿರಿಲಂಗೂ ಒಪ್ಪಿತು.

1994ರಲ್ಲಿ ಒಕೊನ್ ಮತ್ತು ಉರುಗ್ವೆಯ ಲಬಾಂಡೆರಾ ಅದುವರೆಗಿನ ಸುಮಾರು ಇಪ್ಪತ್ತು ವರ್ಷಗಳ ಹೊಲದ ಪ್ರಯೋಗಗಳನ್ನು ಒಟ್ಟು ಹಾಕಿದರು. ಶೇ. 60ರಿಂದ 70ರಷ್ಟು ಪ್ರಯೋಗಗಳಲ್ಲಿ ಇಳುವರಿ ಏರಿತ್ತು, ಏರಿಕೆ ಶೇ. 5ರಿಂದ 30ರವರೆಗೆ ಇತ್ತು. ಈ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಹತ್ತರಲ್ಲಿ ಮೂರು ನಾಲ್ಕು ಸಲ ಏನೂ ಸಿಗಲಿಲ್ಲ.

ಡ್ಯೊಬೆರೈನರ್ ಮಾತ್ರ ಸಾರಜನಕದ ಆಸೆ ಬಿಡಲಿಲ್ಲ. ಅವರು ಕಬ್ಬಿನ ಕಡೆ ತಿರುಗಿದರು. 1988ರಲ್ಲಿ ಕವಲ್ಕಾಂಟಿ ಮತ್ತು ಅವರು ಕಬ್ಬಿನ ಒಳಗೇ, ಅದರ ಸಿಹಿಯಲ್ಲೇ ಬದುಕುವ ಇನ್ನೊಂದು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನು ವರ್ಣಿಸಿದರು. ಅದೇ ಕೇಂದ್ರದ ಉರ್ಕಿಯಾಗಾ ಮತ್ತು ಬಾಡಿ ಸಾರಜನಕದ ಐಸೊಟೋಪ್ ಬಳಸಿ ಅಳೆದಾಗ ಬ್ರೆಜಿಲ್‌ನ ಕೆಲವು ಕಬ್ಬಿನ ತಳಿಗಳು ಗಣನೀಯ ಪಾಲನ್ನು ಗಾಳಿಯಿಂದಲೇ ಪಡೆಯುವಂತೆ ಕಂಡಿತು. ಈ ಸಲ ಅಳತೆ ಒಂದು ರಾತ್ರಿಯದ್ದಲ್ಲ, ವರ್ಷಗಳದ್ದು. 1970ರ ದಶಕದ ಪೆಟ್ಟಿನಿಂದ ಕಲಿತ ಪಾಠ ಇಲ್ಲಿ ಕಾಣುತ್ತದೆ. 2000ದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಅವರ ಕೇಂದ್ರದಲ್ಲಿ ಕೆಲಸ ಕಲಿತವರಲ್ಲಿ ಮರಿಯಾಂಜೆಲಾ ಹುಂಗ್ರಿಯಾ ಒಬ್ಬರು. ಅಜೋಸ್ಪಿರಿಲಂನ ಎಬಿ-ವಿ5, ಎಬಿ-ವಿ6 ಎಂಬ ಎರಡು ತಳಿಗಳನ್ನು ಅವರು ಬ್ರೆಜಿಲ್‌ನ ಹೊಲಗಳಲ್ಲಿ ಪರೀಕ್ಷಿಸಿ, 2010ರಲ್ಲಿ ಮೆಕ್ಕೆಜೋಳ ಮತ್ತು ಗೋಧಿಯಲ್ಲಿ ಉತ್ತಮ ಇಳುವರಿಯ ವರದಿ ಕೊಟ್ಟರು. ಬಿತ್ತನೆಯ ಹೊತ್ತಿಗೆ ಸ್ವಲ್ಪ ಸಾರಜನಕ ಗೊಬ್ಬರವನ್ನೂ ಹಾಕಿ ಮಾಡಿದ ಪ್ರಯೋಗವದು. ಮೇಲುಗೊಬ್ಬರದಲ್ಲಿ ಕಾಲು ಭಾಗ ಉಳಿಸಬಹುದು ಎಂದು ಅಲ್ಲಿಯ ಸಂಶೋಧನಾ ಸಂಸ್ಥೆ ಮೆಕ್ಕೆಜೋಳದ ರೈತರಿಗೆ ಹೇಳುತ್ತದೆ. ‘ಕಾಲು ಭಾಗ’ ಎಂಬ ಈ ಮಾತಿನ ಹಿಂದೆ ಅಲಿನಿಟ್‌ನಿಂದ ಇತ್ತ ನೂರು ವರ್ಷಗಳ ಸೋಲಿನ ಅನುಭವವಿದೆ. ಗೊಬ್ಬರವೇ ಬೇಡ ಎಂದು ಅವರು ಹೇಳಲಿಲ್ಲ. 2025ರ ವಿಶ್ವ ಆಹಾರ ಪ್ರಶಸ್ತಿ ಹುಂಗ್ರಿಯಾ ಅವರಿಗೆ ಬಂತು.

ಈಗ ನಮ್ಮ ಜಗಲಿಗೆ ಮರಳೋಣ. 1970ರ ದಶಕದ ಬ್ರೆಜಿಲ್ ಸುದ್ದಿ ಭಾರತಕ್ಕೂ ಬೇಗ ಮುಟ್ಟಿತ್ತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎನ್. ಎಸ್. ಸುಬ್ಬರಾವ್ ಮತ್ತು ಸಹೋದ್ಯೋಗಿಗಳು ನಮ್ಮ ಬೆಳೆಗಳ ಮೇಲೆ ಅಜೋಸ್ಪಿರಿಲಂ ಪ್ರಯೋಗ ನಡೆಸಿದರು. ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಕೈಪಿಡಿಗಳಲ್ಲಿ ರಾಗಿ ಬೀಜೋಪಚಾರದ ಸಾಲು ಸೇರಿಕೊಂಡಿತು. 2006ರಲ್ಲಿ ಕೇಂದ್ರ ಸರ್ಕಾರ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದು, ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎಂದು ನಿಗದಿ ಮಾಡಿತು. ಕಾದ ಗೋದಾಮಿನಲ್ಲಿ ಬಿದ್ದ ಪೊಟ್ಟಣದಲ್ಲಿ ಅಷ್ಟು ಜೀವ ಉಳಿಯುವುದು ಕಷ್ಟ. ಸತ್ತ ಪುಡಿಯೂ ಬದುಕಿದ ಪುಡಿಯೂ ಕಣ್ಣಿಗೆ ಒಂದೇ ಕಪ್ಪು. ರೈತನಿಗೆ ಗೊತ್ತಾಗುವುದು ಕೊಯ್ಲಿನ ಹೊತ್ತಿಗೆ, ಆಗಲೂ ಖಚಿತವಾಗಿ ಅಲ್ಲ.

ಅದಕ್ಕೇ ಈ ಇತಿಹಾಸ ರೈತನಿಗೂ ಮುಖ್ಯ, ಅವನಿಗೆ ಸಲಹೆ ಕೊಡುವವರಿಗೂ ಮುಖ್ಯ. ‘ಗಾಳಿಯಿಂದ ಗೊಬ್ಬರ, ಇನ್ನು ಯೂರಿಯಾ ಬೇಡ’ ಎಂದು ನಂಬಿಸಿ ಪೊಟ್ಟಣ ಮಾರಿದರೆ, ಒಂದು ವರ್ಷ ಪೈರು ಹಳದಿಯಾದಾಗ ರೈತ ಅದನ್ನು ಹಿತ್ತಿಲಿಗೆ ಎಸೆಯುತ್ತಾನೆ. ಅದು ಕೊಡಬಲ್ಲ ಸಣ್ಣ ಲಾಭವೂ ಅವನ ಪಾಲಿಗೆ ಹೋಗುತ್ತದೆ. ‘ಬೇರು ಹೆಚ್ಚಿಸುತ್ತದೆ, ಹಾಕಿದ ಗೊಬ್ಬರವನ್ನು ಚೆನ್ನಾಗಿ ಬಳಸಿಕೊಳ್ಳಲು ನೆರವಾಗುತ್ತದೆ, ಎಲ್ಲ ವರ್ಷವೂ ಅಲ್ಲ’ ಎಂದು ಹೇಳಿದರೆ ಮಾರಾಟ ಕಡಿಮೆಯಾದೀತು, ನಂಬಿಕೆ ಉಳಿದೀತು. ಖರ್ಚು ಕಡಿಮೆಯಿರುವ ಸಾಧನಕ್ಕೆ ಅಷ್ಟು ಮಾತು ಸಾಕು.

ಹೆಲ್‌ರೀಗೆಲ್‌ನ ಓಟ್ಸಿನ ಕುಂಡ ಕೊಟ್ಟ ತೀರ್ಪು ಇವತ್ತಿಗೂ ಪೂರ್ತಿ ಬದಲಾಗಿಲ್ಲ. ರಾಗಿ ಅವರೆಯಾಗಿಲ್ಲ. ಸಾರಜನಕ ಬೇಕೆಂದರೆ ರಾಗಿಯ ಪಕ್ಕದಲ್ಲಿ ಅವರೆಯ ಅಕ್ಕಡಿ ಸಾಲು ಈಗಲೂ ಇರಲಿ. ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸುವ ಕಪ್ಪು ಪುಡಿಯೂ ಇರಲಿ, ಪೊಟ್ಟಣದ ದಿನಾಂಕ ನೋಡಿ, ನೆರಳಲ್ಲಿ ಒಣಗಿಸಿ.